ತೌಡೆಣ್ಣೆ ಘಟಕದ ಮಳೆಚರಂಡಿ ಮತ್ತು ರಾತ್ರಿ ಪಾಳಿಯ ಅಭ್ಯಾಸ: ನನ್ನ ಅನುಭವ

ದಾವಣಗೆರೆ ಹೊರವಲಯದ ನಮ್ಮ ತೌಡೆಣ್ಣೆ ಸಾಲ್ವೆಂಟ್ ಘಟಕದಲ್ಲಿ ತುರ್ತು ಅಭ್ಯಾಸವೆಂದರೆ ಹಗಲು ಪಾಳಿಯಲ್ಲಿ ಸೈರನ್ ಊದಿ, ಎಲ್ಲರನ್ನೂ ಗೇಟಿನ ಬಳಿ ಸೇರಿಸಿ, ಹಾಜರಿ ಹಾಕಿ, ಫೋಟೊ ತೆಗೆಯುವುದಷ್ಟೇ ಆಗಿತ್ತು. ಜನ ಸುರಕ್ಷಿತವಾಗಿ ಹೊರಬಂದರೇ ಎಂಬುದು ಇದರಿಂದ ತಿಳಿಯುತ್ತದೆ. ತೌಡಿನಿಂದ ಎಣ್ಣೆ ತೆಗೆಯಲು ಬಳಸುವ, ಬೇಗ ಹೊತ್ತಿಕೊಳ್ಳುವ ದ್ರಾವಕವಾದ ಹೆಕ್ಸೇನ್ ಚೆಲ್ಲಿದರೆ ಎತ್ತ ಹರಿಯಿತು ಎಂಬುದು ತಿಳಿಯುವುದಿಲ್ಲ. ಐಎಸ್‌ಒ 14001 ಎಂಬ ಪರಿಸರ ನಿರ್ವಹಣಾ ಮಾನದಂಡದಲ್ಲಿ ತುರ್ತು ಸಿದ್ಧತೆಯ ಬಗ್ಗೆ ಇರುವ 8.2ನೇ ಕಲಮಿಗೆ ಬೇಕಿರುವ ಉತ್ತರ ಅದೇ, ಏಕೆಂದರೆ ನಮ್ಮ ಮಳೆಚರಂಡಿ ಭತ್ತದ ಗದ್ದೆಗಳ ಪಕ್ಕದ ಹಳ್ಳಕ್ಕೆ ಬೀಳುತ್ತದೆ.

ರಾತ್ರಿ ಪಾಳಿಯಲ್ಲಿ, ಮ್ಯಾನೇಜರರಿಗೆ ಮಾತ್ರ ತಿಳಿಸಿ, ಟ್ಯಾಂಕರ್ ಇಳಿಸುವ ಜಾಗದಲ್ಲಿ ಸುಮಾರು ಇನ್ನೂರು ಲೀಟರ್ ಬಣ್ಣದ ನೀರು ಸುರಿಸಬೇಕೆಂದು ನಾನು ಹೇಳಿದಾಗ ನಿರ್ವಹಣೆ ವಿಭಾಗದವರು ಇದು ಆಗದ ಮಾತು ಎಂದರು. ಮೊದಲ ಸಲವೇ ಬಣ್ಣ ಕಾಂಪೌಂಡ್ ದಾಟಿತು. ಚರಂಡಿ ಬಾಗಿಲಿನ ಬೀಗದ ಕೈ ಸ್ಟೋರಿನಲ್ಲಿತ್ತು, ಸ್ಟೋರಿಗೆ ರಾತ್ರಿ ಬೀಗ. ಮರಳಿನ ಚೀಲಗಳು ಬಿಸಿಲಿಗೆ ಲಡ್ಡಾಗಿ, ಎತ್ತಿದೊಡನೆ ಹರಿದುಹೋದವು.

ಸಲಹೆಗಾರರೊಬ್ಬರು ತಾನಾಗಿ ಮುಚ್ಚುವ ವಾಲ್ವಿಗೆ ಹನ್ನೆರಡು ಲಕ್ಷದಷ್ಟು ಅಂದಾಜು ಕೊಟ್ಟಿದ್ದರು. ನಾನು ಸ್ಥಳೀಯ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕೈಯಿಂದ ಇಳಿಸುವ ಬಾಗಿಲನ್ನು ನಲವತ್ತು ಸಾವಿರದ ಒಳಗೇ ಮಾಡಿಸಿದೆ. ಅಂಗಡಿಯವರು ಅಂಚಿಗೆ ಹಾಕಿಕೊಟ್ಟ ಸಾಮಾನ್ಯ ರಬ್ಬರಿನ ತುಣುಕನ್ನು ಲ್ಯಾಬಿನಲ್ಲಿ ಹೆಕ್ಸೇನಿನಲ್ಲಿ ನೆನೆಸಿಟ್ಟಾಗ ಅದು ಬೆಳಗಾಗುವಷ್ಟರಲ್ಲಿ ಉಬ್ಬಿತ್ತು; ಎಣ್ಣೆ ತಡೆಯುವ ಕೃತಕ ರಬ್ಬರಾದ ನೈಟ್ರೈಲಿನ ತುಣುಕು ಹಾಗೇ ಇತ್ತು. ಬಾಗಿಲಿನ ಹಿಂದೆ, ನೀರು ತಳದಿಂದ ಹೊರಹೋಗಿ ತೇಲುವುದು ಮೇಲೆಯೇ ಉಳಿಯುವಂತೆ ಒಂದು ಗುಂಡಿ ಕಟ್ಟಿಸಿದೆವು, ಅದಕ್ಕೆ ಮೂರು ಲಕ್ಷದ ಹತ್ತಿರ ಹೋಯಿತು. ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರವಾಗಿ ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿ ಶೇ 1.1ರಷ್ಟಿದ್ದರೂ ಹೊತ್ತಿಕೊಳ್ಳುತ್ತದೆ; ಹಾಗಾಗಿ ಗುಂಡಿಯ ಸುತ್ತ ಕಿಡಿ ಹಾರಬಹುದಾದ ಸಾಮಾನ್ಯ ಮೋಟಾರ್ ಇಡಲು ನಾನು ಬಿಡಲಿಲ್ಲ.

ಇದರ ನಡುವೆ, ಚೆಲ್ಲಿದ ಎಣ್ಣೆ ಹೀರಲು ಭತ್ತದ ಹೊಟ್ಟು ಮತ್ತು ಜಿನ್ನಿಂಗ್ ಮಿಲ್ಲಿನ ಕಚ್ಚಾ ಹತ್ತಿಯ ವೇಸ್ಟ್ ಎರಡನ್ನೂ ನೋಡಿದೆ. ಹತ್ತಿಯೇ ಮೇಲು, ಅದರ ಮೇಣದ ಗುಣದಿಂದಾಗಿ ಒದ್ದೆ ನೆಲದಲ್ಲೂ ನೀರು ಬಿಟ್ಟು ಎಣ್ಣೆಯನ್ನೇ ಹಿಡಿಯುತ್ತದೆ. ಆದರೆ ಎಣ್ಣೆ ಕುಡಿದ ಹತ್ತಿಯನ್ನು ರಾಶಿ ಹಾಕಿದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವಿದೆ, ಅದನ್ನು ಮುಚ್ಚಳವಿರುವ ಕಬ್ಬಿಣದ ಡ್ರಮ್ಮಿಗೇ ಹಾಕಬೇಕು.

ಈಗ ಬಾಗಿಲಿಗೆ ಬೀಗವಿಲ್ಲ, ಕಿತ್ತು ತೆಗೆಯುವ ಸೀಲ್ ಮಾತ್ರ ಇದೆ. ರಾತ್ರಿ ಪಾಳಿಯ ಗುತ್ತಿಗೆ ಕಾರ್ಮಿಕರೇ ಎರಡು ನಿಮಿಷದೊಳಗೆ ಅದನ್ನು ಇಳಿಸುತ್ತಾರೆ. ಈ ಭಾಗದ ಘಟಕಗಳಲ್ಲಿ ಇಷ್ಟು ಬೇಗ ಇಳಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಯಾವ ರಾತ್ರಿ ನೀರು ಸುರಿಸಬೇಕೆಂದು ಹೇಗೆ ನಿರ್ಧರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾರೆ, ನಮ್ಮವರೂ ಇದನ್ನು ಓದುತ್ತಾರೆ. ಬಾಗಿಲಿನ ಅಂಚಿನ ನೈಟ್ರೈಲ್ ಪಟ್ಟಿಯನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಬದಲಿಸುತ್ತೇವೆ, ಅದಕ್ಕೆ ಮೂರು ಸಾವಿರ ರೂಪಾಯಿಯೂ ಆಗುವುದಿಲ್ಲ.