ಹುಲ್ಲುಗುಡ್ಡದಲ್ಲಿ ಕಚ್ಚಿದ ನೊಣ ಯಾವುದು? ಹೀಗೆ ಗುರುತಿಸಿ

ಉಡುಪಿಯಿಂದ ಕಾರ್ಕಳ, ಬಜಗೋಳಿ ದಾಟಿ ಕುದುರೆಮುಖದ ಕಡೆ ಚಾರಣಕ್ಕೆ ಹೋಗಿ ಬಂದವರು ಇಂಬಳದ ಕಥೆ ಹೇಳುವುದೇ ಜಾಸ್ತಿ. ಬಿಸಿಲೇರಿದ ಹುಲ್ಲುಗುಡ್ಡದಲ್ಲಿ ಚುರ್ ಎಂದು ಕಚ್ಚುವ ದೊಡ್ಡ ನೊಣವನ್ನು ಮಾತ್ರ ಹೊಡೆದು ಮರೆತುಬಿಡುತ್ತೇವೆ. ಮುಂದಿನ ಸಲ ಹೊಡೆಯುವ ಮೊದಲು ಒಮ್ಮೆ ನೋಡಿ. ಅದು ಕುದುರೆ ನೊಣ ಇರಬಹುದು.

ಮೊದಲು ರೆಕ್ಕೆ ಎಣಿಸಿ. ಜೇನುಹುಳಕ್ಕೆ ನಾಲ್ಕು, ನೊಣಕ್ಕೆ ಎರಡೇ.

ಕುದುರೆ ನೊಣಗಳಲ್ಲೇ ಬೇರೆ ಬೇರೆ ಕುಲಗಳಿವೆ (ಕುಲ ಎಂದರೆ ಹತ್ತಿರದ ಜಾತಿಗಳ ಗುಂಪು). ಯಾವುದೆಂದು ತಿಳಿಯಲು ಕೂತಾಗ ರೆಕ್ಕೆ ಹೇಗಿದೆ ನೋಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಸುಲಭದ ಗುರುತು. ಬೂದು ರೆಕ್ಕೆಯ ತುಂಬ ಬಿಳಿ ಚುಕ್ಕೆ, ಗೆರೆಗಳಿದ್ದು, ರೆಕ್ಕೆ ಮನೆ ಮಾಡಿನ ಹಾಗೆ ಇಳಿಜಾರಾಗಿದ್ದರೆ ಅದು ಹೆಮಟೊಪೋಟ. ಇದು ಸದ್ದಿಲ್ಲದೆ ಬಂದು ಕೂರುತ್ತದೆ. ರೆಕ್ಕೆಗೆ ಅಡ್ಡಲಾಗಿ ಕಂದು ಪಟ್ಟಿ ಇದ್ದು, ತ್ರಿಕೋನದಂತೆ ಅಗಲಿಸಿ ಕೂತರೆ ಕ್ರೈಸಾಪ್ಸ್. ಇದರ ಮೀಸೆ ಉದ್ದ. ಮೈ ದಪ್ಪವಾಗಿದ್ದು, ಮೀಸೆ ಗಿಡ್ಡವಾಗಿದ್ದರೆ ಹೆಚ್ಚಾಗಿ ಟಬಾನಸ್. ಇದರಲ್ಲಿ 2 ಸೆಂಟಿಮೀಟರ್ ದಾಟುವ ಜಾತಿಗಳೂ ಇವೆ.

ಇನ್ನು ಕಣ್ಣು. ಎಷ್ಟು ಚಂದ ಗೊತ್ತಾ! ಹಲವು ಜಾತಿಗಳಲ್ಲಿ ಹಸಿರು, ಕೆನ್ನೀಲಿ ಪಟ್ಟಿಗಳು ಹೊಳೆಯುತ್ತವೆ. ಸತ್ತರೆ ಆ ಬಣ್ಣ ಮಾಸಿಹೋಗುತ್ತದೆ. ಅದಕ್ಕೇ ಜೀವಂತ ಇರುವಾಗಲೇ ಫೋಟೋ ತೆಗೆಯಬೇಕು. ಎರಡು ಕಣ್ಣುಗಳ ನಡುವೆ ಜಾಗ ಇದ್ದರೆ ಹೆಣ್ಣು, ಒಂದಕ್ಕೊಂದು ಅಂಟಿದ್ದರೆ ಗಂಡು. ಕಚ್ಚುವುದು ಹೆಣ್ಣು ಮಾತ್ರ. ಗಂಡಿಗೆ ಹೂವಿನ ಮಕರಂದ ಸಾಕು. ಸೊಳ್ಳೆ ಸೂಜಿಯಂತೆ ಚುಚ್ಚಿದರೆ, ಇದು ಚರ್ಮ ಕೊಯ್ದು ಒಸರುವ ರಕ್ತವನ್ನು ಹೀರುತ್ತದೆ. ಅಷ್ಟು ಉರಿಯುವುದು ಅದಕ್ಕೇ.

ಮೇಲಿನಿಂದ ಒಂದು, ಮುಖದ್ದೊಂದು, ಬದಿಯಿಂದೊಂದು ಫೋಟೋ ಇರಲಿ. ಆಮೇಲೆ ರೆಕ್ಕೆಯನ್ನು ದೊಡ್ಡದು ಮಾಡಿ ನೋಡಿ. ತುದಿಯಲ್ಲಿ ಒಂದು ನರ ಕವಲೊಡೆದು, ರೆಕ್ಕೆಯ ತುದಿ ಆ ಕವಲಿನ ನಡುವೆ ಬರುತ್ತದೆ. ಇದು ಕಂಡರೆ ಕುದುರೆ ನೊಣ ಎನ್ನಲು ಧೈರ್ಯ ಬರುತ್ತದೆ. ಫೋಟೋ ಜೊತೆ ಜಾಗ, ದಿನ, ಹೊತ್ತು ಬರೆದಿಡಿ. ಜಾತಿಯ ಹೆಸರು ಹೇಳಲು ತಜ್ಞರೇ ಬೇಕು. ಅವರಿಗೂ ಈ ವಿವರ ಬೇಕಾಗುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ಹುಳ ಹಿಡಿದು ಡಬ್ಬಿಗೆ ಹಾಕಬೇಡಿ, ಅದಕ್ಕೆ ಅನುಮತಿ ಬೇಕು.

ಅಭ್ಯಾಸಕ್ಕೆ ಗುಡ್ಡ ಹತ್ತಲೇಬೇಕೆಂದಿಲ್ಲ. ಊರಲ್ಲಿ ಹಟ್ಟಿ ಇದ್ದರೆ ಹಗಲು ಹೊತ್ತು ದನದ ಕಾಲು, ಹೊಟ್ಟೆ ಗಮನಿಸಿ. ಅಲ್ಲಿ ಮನೆ ನೊಣದಷ್ಟೇ ಗಾತ್ರದ, ಮುಂದಕ್ಕೆ ಚಾಚಿದ ಚೂಪು ಸೊಂಡಿಲಿನ ನೊಣವೂ ಕಚ್ಚುತ್ತಿರುತ್ತದೆ. ಅದು ಹಟ್ಟಿ ನೊಣ, ಬೇರೆಯೇ ಕುಟುಂಬ.