ಸಿಮ್ಯುಲೇಟರ್‌ನಲ್ಲಿ ಬೆಲ್ಜಿಯಂ ಸುತ್ತಿ: ಒಂದು ಸಂಜೆಗೆ ಒಂದು ಹಾರಾಟ, ಒಂದು ಬಿಯರ್

ಬೆಲ್ಜಿಯಂ ಚಿಕ್ಕ ದೇಶ. ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಪಶ್ಚಿಮದ ಕಡಲಿನಿಂದ ಪೂರ್ವದ ಆರ್ಡೆನ್ ಗುಡ್ಡಗಳಿಗೆ ಒಂದೂವರೆ ಗಂಟೆ ಸಾಕು. ಇಷ್ಟರೊಳಗೆ ಎಷ್ಟೊಂದು ಬಗೆಯ ಬಿಯರ್! ಅಲ್ಲಿನ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವ ಬಿಯರ್ ಯಾವ ನೆಲದ್ದು ಎಂದು ಮೇಲಿನಿಂದ ನೋಡಿ, ಆಮೇಲೆ ರುಚಿ ನೋಡುವುದರಲ್ಲೇ ಈ ಪ್ರವಾಸದ ಸುಖ ಇರುವುದು.

ಮೊದಲು ತಯಾರಿ. ಹಾರಾಟವೆಲ್ಲ ಕಂಪ್ಯೂಟರ್‌ನಲ್ಲೇ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇದ್ದರೆ ನಾಲ್ಕನೇ ವರ್ಲ್ಡ್ ಅಪ್‌ಡೇಟ್ ಹಾಕಿಕೊಳ್ಳಿ, ಬೆಲ್ಜಿಯಂ ಚೆನ್ನಾಗಿ ಕಾಣುತ್ತದೆ. ದುಡ್ಡು ಬೇಡ ಅಂದರೆ ಫ್ಲೈಟ್‌ಗಿಯರ್ ಇದೆ. ದಾರಿ ಗುರುತಿಸಲು ಲಿಟಲ್ ನ್ಯಾವ್‌ಮ್ಯಾಪ್ ಸಾಕು, ಅದೂ ಉಚಿತ. ಬೇಸಿಗೆಯಲ್ಲಿ ನಮ್ಮ ರಾತ್ರಿ ಒಂಬತ್ತಕ್ಕೆ ಅಲ್ಲಿ ಸಂಜೆ ಐದೂವರೆ. ಹಾಗಾಗಿ ಊಟ ಮುಗಿಸಿ ಕೂತರೂ ಸಿಮ್ಯುಲೇಟರ್‌ನ ಲೈವ್ ಸಮಯದಲ್ಲೇ, ಅಂದರೆ ಅಲ್ಲಿನ ನಿಜ ಸಮಯದಲ್ಲೇ, ಬೆಳಕಿರುತ್ತದೆ.

ಒಂದು ನಿಯಮ ಮಾತ್ರ ಬಿಡಬೇಡಿ. ವಿಮಾನ ಇಳಿಸಿ, ಎಂಜಿನ್ ಆರಿಸಿದ ಮೇಲೆಯೇ ಬಾಟಲಿ ತೆರೆಯಬೇಕು. ಭಾರತದಲ್ಲಿ ನಿಜವಾದ ಪೈಲಟ್‌ಗಳು ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ. ಜೊತೆಗೆ ಈ ಬಿಯರ್‌ಗಳಲ್ಲಿ ಕೆಲವು ಶೇ 10ರ ಹತ್ತಿರ ಆಲ್ಕೋಹಾಲ್ ಇರುವವು. ಒಂದು ಸಂಜೆಗೆ ಒಂದೇ ಸಾಕು.

ಮೊದಲ ಹಾರಾಟ ಓಸ್ಟೆಂಡ್‌ನಿಂದ. ಎಡಗಡೆ ಕಡಲ ತೀರ ಇಟ್ಟುಕೊಂಡರೆ ದಾರಿ ತಪ್ಪಿದಿರಿ ಎಂದರ್ಥ. ನೈಋತ್ಯಕ್ಕೆ ಹೋಗುವಾಗ ಕಡಲು ಬಲಕ್ಕಿರಬೇಕು. ನ್ಯೂಪೋರ್ಟ್‌ನಲ್ಲಿ ಐಸರ್ ನದಿ ಸಮುದ್ರ ಸೇರುತ್ತದೆ. ಅಲ್ಲಿಂದ ಒಳನಾಡಿಗೆ ತಿರುಗಿ, 1,500 ಅಡಿಯಲ್ಲೇ ಹೋಗಿ. ಹೊಲಗಳ ನಡುವೆ ವೆಸ್ಟ್‌ವ್ಲೆಟೆರೆನ್‌ನ ಸೇಂಟ್ ಸಿಕ್ಸ್ಟಸ್ ಮಠ ಸಿಗುತ್ತದೆ. ಪಕ್ಕದ ಪೋಪರಿಂಗೆ, ಬಿಯರ್‌ಗೆ ಕಹಿ ಕೊಡುವ ಹಾಪ್ ಬೆಳೆಯುವ ಸೀಮೆ. ಮಠದವರು ಮೊದಲೇ ಹೇಳಿಟ್ಟವರಿಗೆ ಮಾತ್ರ ಬಿಯರ್ ಮಾರುತ್ತಾರೆ, ಮರುಮಾರಾಟಕ್ಕೆ ಕೊಡುವುದಿಲ್ಲ. ನಮ್ಮಲ್ಲಿ ಸಿಗುವ ಆಸೆ ಬೇಡ. ಕೋರ್ಟ್ರೈಕ್‌ನಲ್ಲಿ ಇಳಿದು ಚಿಮೇ ನೀಲಿ ಎಂಬ ಬಿಯರ್ ಸಿಕ್ಕರೆ ಅದನ್ನೇ ತೆರೆಯಿರಿ. ಅದೂ ಟ್ರಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದ್ದೇ, ಅದೂ ಗಾಢ ಬಣ್ಣದ್ದೇ.

ಎರಡನೇ ಸಂಜೆ ಪೂರ್ವಕ್ಕೆ, ಬ್ರಸೆಲ್ಸ್ ಕಡೆಗೆ. ಆಟೋಮಿಯಂ ಸ್ಮಾರಕದ ಗೋಳಗಳು ಕಂಡರೆ ಗ್ರಿಂಬರ್ಗೆನ್‌ನ ಹುಲ್ಲಿನ ರನ್‌ವೇ ಹತ್ತಿರವಾಯಿತು ಎಂದೇ ಲೆಕ್ಕ. ಅಣಬೆಯಾಕಾರದ ಅಲ್ಲಿನ ಹಳೆಯ ಹ್ಯಾಂಗರ್‌ಗಳನ್ನು, ಅಂದರೆ ವಿಮಾನ ನಿಲ್ಲಿಸುವ ಕಟ್ಟಡಗಳನ್ನು, ನೋಡದೆ ಬರಬೇಡಿ.

ಮುಂದಿನದು ಹೂಗಾರ್ಡೆನ್, ಟೀನೆನ್ ಪಟ್ಟಣದ ಪಕ್ಕದ ಹಳ್ಳಿ. ಇದರ ಗೋಧಿ ಬಿಯರ್ ಬೆಂಗಳೂರಿನಲ್ಲೂ ಸುಲಭವಾಗಿ ಸಿಗುತ್ತದೆ. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿ ಮಾಡುತ್ತಾರೆ. ಈ ಬಗೆಯ ಬಿಯರ್ ಅಳಿದೇಹೋಗಿತ್ತು. 1960ರ ದಶಕದಲ್ಲಿ ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ ಎಂಬುವರು ಅದನ್ನು ಮತ್ತೆ ಶುರು ಮಾಡಿದರು. ಹಳ್ಳಿಯ ಮೇಲೆ ಒಂದು ಸುತ್ತು ಹಾಕಿ ಆಗ್ನೇಯಕ್ಕೆ ಸೇಂಟ್ ಹ್ಯೂಬರ್ಟ್‌ಗೆ ಹೊರಡಿ. ಇಲ್ಲಿ ಹುಷಾರು. ಅಲ್ಲಿನ ವಿಮಾನ ಇಳಿಯುವ ಮೈದಾನವೇ ಸುಮಾರು 1,900 ಅಡಿ ಎತ್ತರದಲ್ಲಿದೆ. ಮೊದಲ ಸಂಜೆ ಹಾರಿದ 1,500 ಅಡಿಯಲ್ಲೇ ಬಂದರೆ ಕಾಡಿಗೆ ಬಡಿಯುತ್ತೀರಿ. 3,500 ಅಡಿಗೆ ಮೊದಲೇ ಏರಿ.

ಕೊನೆಯ ಸಂಜೆ ನೇರ ದಕ್ಷಿಣಕ್ಕೆ, ಹದಿನೈದು ನಿಮಿಷದ ಹಾದಿ. ಹಾವಿನಂತೆ ಸುತ್ತುವ ಸೆಮೋಯಿ ನದಿ ದಾಟಿದ ಮೇಲೆ, ಫ್ರಾನ್ಸ್ ಗಡಿಗೆ ಸ್ವಲ್ಪ ಮುಂಚೆ ಓರ್ವಾಲ್ ಮಠ. ಕೌಂಟೆಸ್ ಮಟಿಲ್ಡಾಳ ಉಂಗುರ ಇಲ್ಲಿನ ಬುಗ್ಗೆಗೆ ಬಿದ್ದಾಗ ಮೀನೊಂದು ಬಾಯಲ್ಲಿ ಹಿಡಿದು ತಂದುಕೊಟ್ಟಿತು ಎಂಬ ಕಥೆ ಇದೆ. ಲೇಬಲ್ ಮೇಲೂ ಅದೇ ಮೀನು. ಪಾಳುಬಿದ್ದಿದ್ದ ಮಠವನ್ನು ಮತ್ತೆ ಕಟ್ಟಲು ಹಣ ಬೇಕಾಗಿ 1931ರಲ್ಲಿ ಬಿಯರ್ ಕೆಲಸ ಶುರುವಾಯಿತು.

ಸೇಂಟ್ ಹ್ಯೂಬರ್ಟ್‌ಗೆ ಮರಳಿ ಇಳಿಯಿರಿ. ಓರ್ವಾಲ್ ಸಿಕ್ಕಿದ್ದರೆ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. ತುಂಬ ತಣ್ಣಗಿದ್ದರೆ ರುಚಿ ತಿಳಿಯುವುದಿಲ್ಲ. ನಿಧಾನವಾಗಿ ಬಗ್ಗಿಸಿ, ತಳದ ಯೀಸ್ಟ್ ಬಾಟಲಿಯಲ್ಲೇ ಉಳಿಯಲಿ. ಇದು ಬಾಟಲಿಯೊಳಗೂ ಬದಲಾಗುತ್ತಲೇ ಇರುವ ಬಿಯರ್. ಹೊಸದರಲ್ಲಿ ಹಾಪ್‌ನ ಕಹಿ ಜಾಸ್ತಿ, ಆರು ತಿಂಗಳಾದ ಮೇಲೆ ಬೇರೆಯೇ ಹದ. ಎರಡು ಬಾಟಲಿ ಸಿಕ್ಕರೆ ಒಂದನ್ನು ದಿನಾಂಕ ನೋಡಿ ಎತ್ತಿಡಿ.