ಮಗುವನ್ನು ಯಾವ ಶಾಲೆಗೆ ಸೇರಿಸುವುದು: ಹಾಸನ ಸೀಮೆಯ ಪೋಷಕರಿಗೆ

ಹಾಸನದ ಮಾರುಕಟ್ಟೆಯಲ್ಲಿ ಬಿತ್ತನೆ ಆಲೂಗಡ್ಡೆಯ ಮಾರಾಟ ಶುರುವಾಗುವ ಹೊತ್ತಿಗೇ ಖಾಸಗಿ ಶಾಲೆಗಳ ಮೊದಲ ಕಂತಿನ ಗಡುವೂ ಬರುತ್ತದೆ. ಎರಡೂ ಖರ್ಚು ಒಂದೇ ವಾರದಲ್ಲಿ ಎದುರಾಗುವ ನಮ್ಮಂಥ ರೈತರ ಮನೆಗಳಲ್ಲಿ ಮಗುವಿನ ಶಾಲೆಯ ವಿಷಯ ಅವಸರದಲ್ಲಿ ತೀರ್ಮಾನವಾಗಿಬಿಡುತ್ತದೆ. ಪಕ್ಕದ ಮನೆಯ ಮಗು ಹತ್ತುವ ವ್ಯಾನನ್ನೇ ನಮ್ಮ ಮಗುವೂ ಹತ್ತುತ್ತದೆ. ನಾವೂ ಹಾಗೆಯೇ ಮಾಡಿದೆವು. ಆಲೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಮಗಳನ್ನು ಮೂರು ವರ್ಷ ಹಾಸನದ ಖಾಸಗಿ ಶಾಲೆಗೆ ಕಳಿಸಿ, ನಾಲ್ಕನೇ ತರಗತಿಗೆ ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆವು. ಮಗನನ್ನು ಊರಿನ ಶಾಲೆಯಲ್ಲೇ ಏಳನೇ ತರಗತಿಯವರೆಗೆ ಓದಿಸಿ, ಎಂಟಕ್ಕೆ ಬೇರೊಂದು ಖಾಸಗಿ ಪ್ರೌಢಶಾಲೆಗೆ ಕಳಿಸಿದೆವು. ಎರಡೂ ಬಗೆಯ ಶಾಲೆಗಳ ಒಳಗನ್ನು ಕಂಡ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಸರ್ಕಾರಿ ಮತ್ತು ಖಾಸಗಿ ಎಂಬ ಹಣೆಪಟ್ಟಿ ನೋಡಿ ಆರಿಸಿದವರು ಎರಡೂ ಕಡೆ ಮೋಸಹೋಗುತ್ತಾರೆ, ನಿಮ್ಮ ಕೈಗೆಟುಕುವ ಎರಡು ಮೂರು ಶಾಲೆಗಳನ್ನು ಒಂದೊಂದಾಗಿ, ಪಾಠ ನಡೆಯುವ ಹೊತ್ತಿನಲ್ಲಿ ಹೋಗಿ ನೋಡಿಯೇ ಆರಿಸಬೇಕು.

ನೋಡಲು ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಹೋದರೆ ಖಾಸಗಿ ಶಾಲೆಯಲ್ಲಿ ಸ್ವಾಗತ ಕೊಠಡಿಯನ್ನೂ ಸರ್ಕಾರಿ ಶಾಲೆಯಲ್ಲಿ ಬೀಗ ಹಾಕಿದ ಬಾಗಿಲನ್ನೂ ಕಂಡು ಬರುತ್ತೀರಿ. ಎರಡರಿಂದಲೂ ಏನೂ ತಿಳಿಯುವುದಿಲ್ಲ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅರ್ಧ ಗಂಟೆ ಇರಿ. ವಾರ್ಷಿಕೋತ್ಸವದ ದಿನ ಹೋಗಬೇಡಿ.

ಹೋದಾಗ ಕಟ್ಟಡಕ್ಕಿಂತ ಮೊದಲು ಮಕ್ಕಳ ನೋಟ್ ಪುಸ್ತಕ ಕೇಳಿ ನೋಡಿ. ಇದನ್ನು ನಾನು ತಡವಾಗಿ ಕಲಿತೆ. ಮಗಳು ಮೂರನೇ ತರಗತಿಯಲ್ಲಿದ್ದಾಗ ಅವಳ ಇಂಗ್ಲಿಷ್ ಪುಸ್ತಕದ ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಸರಿ ಗುರುತು, ಅದರ ಕೆಳಗೆ ನಕ್ಷತ್ರದ ಮುದ್ರೆ ಇರುತ್ತಿತ್ತು. ಅಕ್ಷರಗಳು ಮುತ್ತಿನಂತಿದ್ದವು. ಒಂದು ಸಂಜೆ ಅದೇ ಪಾಠದ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ಓದಲು ಹೇಳಿದೆ. ಅವಳು ಪುಟವನ್ನು ನೋಡದೆ ಮೊದಲ ಸಾಲಿನಿಂದ ಒಪ್ಪಿಸತೊಡಗಿದಳು. ‘ಅಲ್ಲಿಂದಲ್ಲ ಪುಟ್ಟಿ, ಇಲ್ಲಿಂದ’ ಎಂದಾಗ ಅವಳ ಬೆರಳು ನನ್ನ ಬೆರಳಿನ ಪಕ್ಕಕ್ಕೆ ಬಂದು ಹಾಗೆಯೇ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಮೂರು ವರ್ಷ ಅವಳು ಕಪ್ಪು ಹಲಗೆಯಲ್ಲಿದ್ದದ್ದನ್ನು ಚಿತ್ರ ಬರೆದಂತೆ ಬರೆದುಕೊಂಡು ಬಂದಿದ್ದಳು. ಆದ್ದರಿಂದ ತಪ್ಪೇ ಇಲ್ಲದ ನೋಟ್ ಪುಸ್ತಕವನ್ನು ಕಂಡು ಮರುಳಾಗಬೇಡಿ. ಮಗು ಸ್ವಂತವಾಗಿ ಬರೆದ ವಾಕ್ಯಗಳಿವೆಯೇ, ತಪ್ಪುಗಳಿವೆಯೇ, ಶಿಕ್ಷಕರು ತಿದ್ದಿದ್ದಾರೆಯೇ, ತಿದ್ದಿದ ಮೇಲೆ ಮಗು ಅದನ್ನು ಮತ್ತೆ ಸರಿಯಾಗಿ ಬರೆದಿದೆಯೇ ಎಂಬುದನ್ನು ನೋಡಿ. ಮೊದಲ ಬೆಂಚಿನ ಮಗುವಿನ ಪುಸ್ತಕವನ್ನಷ್ಟೇ ತೋರಿಸಿದರೆ, ನಡುವಿನ ಸಾಲಿನ ಮಗುವಿನದನ್ನು ವಿನಯದಿಂದಲೇ ಕೇಳಿ.

ಎರಡನೆಯದು ಶಿಕ್ಷಕರ ಸಂಖ್ಯೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಅಂದರೆ 25 ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಿ ಐದು ತರಗತಿಗಳನ್ನು ಇಬ್ಬರೇ ನೋಡಿಕೊಳ್ಳುತ್ತಿರಬಹುದು, ಮತ್ತು ಅದು ಕಾನೂನಿನ ಪ್ರಕಾರ ಕೊರತೆಯೇ ಅಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕಾರ್ಡುಗಳನ್ನು ಹಿಡಿದು ಕೂತಿದ್ದರೆ ಅದು ನಲಿ-ಕಲಿ ಪದ್ಧತಿ. ಪಾಠವಿಲ್ಲದೆ ಮಕ್ಕಳನ್ನು ಬಿಟ್ಟಿದ್ದಾರೆಂದು ತಿಳಿಯಬಾರದು. ಚೆನ್ನಾಗಿ ನಡೆಸುವ ಶಿಕ್ಷಕಿಯ ಕೈಯಲ್ಲಿ ಅದು ಎಷ್ಟು ಫಲ ಕೊಡುತ್ತದೆ ಎಂಬುದನ್ನು ನನ್ನ ಮಗನಲ್ಲಿ ಕಂಡಿದ್ದೇನೆ. ತೊಂದರೆ ಎದುರಾಗುವುದು ನಾಲ್ಕು ಐದನೇ ತರಗತಿಗಳಲ್ಲಿ, ಅದೂ ಮುಖ್ಯ ಶಿಕ್ಷಕರು ಸಭೆಗೋ ತರಬೇತಿಗೋ ಹೋದ ದಿನಗಳಲ್ಲಿ. ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಕಳೆದ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು ಎಂದು ನೇರವಾಗಿ ಕೇಳಿ. ಖಾಸಗಿ ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕಳೆದ ಜೂನ್‌ನಲ್ಲಿದ್ದ ಶಿಕ್ಷಕರಲ್ಲಿ ಎಷ್ಟು ಜನ ಈಗಲೂ ಇದ್ದಾರೆ? ನನ್ನ ಮಗಳಿಗೆ ಒಂದೇ ವರ್ಷದಲ್ಲಿ ಮೂವರು ‘ಕ್ಲಾಸ್ ಮಿಸ್’ ಬದಲಾದರು. ಸಂಬಳ ಕಡಿಮೆಯಿದ್ದ ಕಡೆ ಶಿಕ್ಷಕರು ನಿಲ್ಲುವುದಿಲ್ಲ. ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ.

ಹೆಚ್ಚಿನ ಪೋಷಕರು ಖಾಸಗಿ ಶಾಲೆಗೆ ಹೋಗುವುದು ಇಂಗ್ಲಿಷ್‌ಗಾಗಿ, ಮತ್ತು ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಬೋಧನಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. 2019-20ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಸರ್ಕಾರವೇ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮಗು ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಓದಬಹುದು. ಹೀಗಾಗಿ ಇಂಗ್ಲಿಷ್ ಮಾಧ್ಯಮ ಬೇಕೆಂದರೆ ಖಾಸಗಿಯೇ ಗತಿ ಎಂಬ ಮಾತು ಈಗ ಎಲ್ಲ ಊರಿಗೂ ಅನ್ವಯಿಸುವುದಿಲ್ಲ. ಆದರೆ ಮಾಧ್ಯಮ ನಿರ್ಧರಿಸುವ ಮೊದಲು, ಸಂಜೆ ಮಗುವಿನ ಪಕ್ಕದಲ್ಲಿ ಕೂರುವವರು ಯಾರು, ಅವರಿಗೆ ಯಾವ ಭಾಷೆಯಲ್ಲಿ ಪಾಠ ತಿಳಿಯುತ್ತದೆ ಎಂದು ಯೋಚಿಸಿ. ನಮ್ಮ ಕಣದಲ್ಲಿ ಕಾಫಿ ಒಣಗುವುದನ್ನು ದಿನವೂ ನೋಡುವ ಮಗು, ನೀರು ಆವಿಯಾಗುವ ಪಾಠವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿತ್ತು. ಕಣಕ್ಕೂ ಪಾಠಕ್ಕೂ ನಂಟಿದೆಯೆಂದು ಅದಕ್ಕೆ ಹೊಳೆದೇ ಇರಲಿಲ್ಲ.

ಇದರ ಜೊತೆಗೆ ಬಹಳ ಜನ ಗಮನಿಸದ ಒಂದು ಲೆಕ್ಕವಿದೆ. ವೃತ್ತಿಪರ ಕೋರ್ಸುಗಳ ಸಿಇಟಿ ಸೀಟು ಹಂಚಿಕೆಯಲ್ಲಿ, ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಹತ್ತೂ ವರ್ಷ ಪೂರ್ಣವಾಗಬೇಕು. ನಡುವೆ ಎರಡು ವರ್ಷ ಹಾಸನ ನಗರದ ಶಾಲೆಗೆ ಹೋಗಿ ಬಂದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಹಾಸನ ಜಿಲ್ಲೆಗೆ ಮಾವಿನಕೆರೆಯಲ್ಲೂ ಚಿಕ್ಕಮಗಳೂರು ಜಿಲ್ಲೆಗೆ ಬಾಳೆಹೊನ್ನೂರಿನಲ್ಲೂ ಇರುವ ನವೋದಯ ವಿದ್ಯಾಲಯಗಳ ಆರನೇ ತರಗತಿಯ ಪ್ರವೇಶದಲ್ಲಿ ಮುಕ್ಕಾಲು ಪಾಲು ಸೀಟುಗಳು ಗ್ರಾಮೀಣ ಮಕ್ಕಳಿಗೆ; ಅದಕ್ಕೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಮಗಳನ್ನು ಹಾಸನಕ್ಕೆ ಕಳಿಸುವಾಗ ಈ ಯಾವುದನ್ನೂ ನಮಗೆ ಯಾರೂ ಹೇಳಲಿಲ್ಲ.

ಖಾಸಗಿ ಶಾಲೆಯಾದರೆ ಮಾನ್ಯತೆ ಪತ್ರ ಕೇಳಿ. ಯಾವ ತರಗತಿಯವರೆಗೆ, ಯಾವ ಮಾಧ್ಯಮದಲ್ಲಿ, ಯಾವ ಪಠ್ಯಕ್ರಮಕ್ಕೆ ಅನುಮತಿ ಸಿಕ್ಕಿದೆ ಎಂಬುದನ್ನು ಓದಿ. ಫಲಕದ ಮೇಲೆ ಸಿಬಿಎಸ್‌ಇ ಎಂದು ಬರೆದ ಮಾತ್ರಕ್ಕೆ ಆ ಅನುಮತಿ ಇದೆಯೆಂದಲ್ಲ. ಪ್ರತಿ ಶಾಲೆಗೂ 29ರಿಂದ ಶುರುವಾಗುವ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಪ್ರವೇಶಕ್ಕೆಂದು ಮಗುವನ್ನೋ ಪೋಷಕರನ್ನೋ ಸಂದರ್ಶನ ಮಾಡುವುದು, ಡೊನೇಷನ್ ಪಡೆಯುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸುತ್ತದೆ. ಆರ್‌ಟಿಇ ಸೀಟನ್ನು, ಅಂದರೆ ಇದೇ ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಸಿಗುವ ಉಚಿತ ಸೀಟನ್ನು, ನೆಚ್ಚಿಕೊಂಡು ಕೂರಬೇಡಿ: 2019-20ರಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ.

ಶುಲ್ಕವನ್ನು ಬಾಯಿಮಾತಿನಲ್ಲಿ ಕೇಳಿ ಒಪ್ಪಿಕೊಳ್ಳಬೇಡಿ. ಮೊದಲ ವರ್ಷ ನಮಗೆ ಹೇಳಿದ್ದು 26 ಸಾವಿರ. ವ್ಯಾನಿಗೆ ತಿಂಗಳಿಗೆ 1,200ರಂತೆ ಹತ್ತು ತಿಂಗಳು, ಶಾಲೆಯಲ್ಲೇ ಕೊಳ್ಳಬೇಕಾದ ಪುಸ್ತಕ ಮತ್ತು ಸಮವಸ್ತ್ರಕ್ಕೆ 7,500, ಅಭಿವೃದ್ಧಿ ನಿಧಿಯೆಂದು 5,000 ಸೇರಿ ಕೊನೆಗೆ 50,500 ಆಯಿತು. ರಸೀದಿ ಸಿಕ್ಕಿದ್ದು 26 ಸಾವಿರಕ್ಕೆ ಮಾತ್ರ. ಎಲ್ಲ ಬಾಬ್ತನ್ನೂ ಬರೆದುಕೊಡಲು ಕೇಳಿ, ಹತ್ತನೇ ತರಗತಿಯ ಶುಲ್ಕ ಈಗ ಎಷ್ಟಿದೆ ಎಂದೂ ತಿಳಿದುಕೊಳ್ಳಿ. ಎರಡನೇ ಮಗು ಬಂದಾಗ, ಬೆಲೆ ಬಿದ್ದ ವರ್ಷದಲ್ಲಿ, ಆ ಮೊತ್ತ ಕಟ್ಟಲು ಸಾಧ್ಯವೇ ಎಂದು ಗಂಡಹೆಂಡತಿ ಕೂತು ಲೆಕ್ಕ ಹಾಕಬೇಕು. ನಡುವೆ ಶಾಲೆ ಬಿಡಿಸುವ ನೋವು ಮಗುವಿನದು.

ದೂರದ ವಿಷಯ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಏಳಕ್ಕೆ ವ್ಯಾನಿಗಾಗಿ ರಸ್ತೆ ಬದಿ ನಿಲ್ಲುವುದೆಂದರೆ ಆನೆಯ ಭಯವನ್ನೂ ಜುಲೈನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇರಿಸುವ ಮುನ್ನ ಒಂದು ದಿನ ನೀವೇ ಆ ವ್ಯಾನಿನಲ್ಲಿ ಹೋಗಿ ಬನ್ನಿ.

ಊರಿನ ಶಾಲೆಯನ್ನು ಆರಿಸಿದರೆ ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ ಸಿಗುತ್ತವೆ. ಆದರೆ ಅಡುಗೆ ಕೋಣೆಯನ್ನೂ ಹೆಣ್ಣುಮಕ್ಕಳ ಶೌಚಾಲಯವನ್ನೂ ಕಣ್ಣಾರೆ ನೋಡಿ. ನಮ್ಮ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಮೂವರು ತಾಯಂದಿರು ಒಟ್ಟಾಗಿ ಕೇಳಿದ ಮೇಲೆ ವಾರದೊಳಗೆ ಚಿಲಕ ಬಂತು. ಆ ಸಮಿತಿಯಲ್ಲಿ ಕೂರುವ ಹಕ್ಕು ಪೋಷಕರದ್ದು, ಅದನ್ನು ದಯವಿಟ್ಟು ಬಳಸಿಕೊಳ್ಳಿ.

ಶಾಲೆ ಬದಲಿಸುವವರಿಗೆ ಒಂದು ಮಾತು. ಮಗಳ ವರ್ಗಾವಣೆ ಪತ್ರಕ್ಕೆ (ಟಿಸಿ) ನಮ್ಮನ್ನು ಮೂರು ವಾರ ಅಲೆಸಿದರು, ಮುಂದಿನ ವರ್ಷದ ಕಂತನ್ನೂ ಕಟ್ಟಿರೆಂದರು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಎಸ್‌ಎಟಿಎಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಪ್ರೌಢಶಾಲೆ ಆರಿಸುವಾಗ ಶೇಕಡಾ ನೂರು ಫಲಿತಾಂಶದ ಫಲಕ ಕಂಡರೆ, ಹಿಂದಿನ ವರ್ಷ ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಎಸ್ಸೆಸ್ಸೆಲ್ಸಿಗೆ ಎಷ್ಟು ಜನ ಕುಳಿತರು ಎಂದು ಕೇಳಿ. ನಲವತ್ತು ಮಕ್ಕಳಿದ್ದು ಇಪ್ಪತ್ತೆಂಟು ಜನ ಪರೀಕ್ಷೆ ಬರೆದಿದ್ದರೆ, ಉಳಿದ ಹನ್ನೆರಡು ಮಕ್ಕಳು ಎಲ್ಲಿ ಹೋದರೆಂಬುದೇ ನಿಮಗೆ ಬೇಕಾದ ಉತ್ತರ. 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲಾಗಿತ್ತು. ಜಿಲ್ಲೆಯ ಹೆಮ್ಮೆ ಅದು, ಆದರೆ ನಿಮ್ಮ ಮಗುವಿನ ಶಾಲೆಯ ವಿಷಯವನ್ನು ಅದು ಹೇಳುವುದಿಲ್ಲ. ಮಗನಿಗೆ ನಾವು ಖಾಸಗಿ ಪ್ರೌಢಶಾಲೆ ಆರಿಸಿದ್ದು ಈ ಪ್ರಶ್ನೆಗೆ ಅಲ್ಲಿನ ಮುಖ್ಯ ಶಿಕ್ಷಕರು ದಾಖಲಾತಿ ಪುಸ್ತಕವನ್ನೇ ತೆರೆದು ತೋರಿಸಿದ್ದರಿಂದ, ಮತ್ತು ಗಣಿತಕ್ಕೂ ವಿಜ್ಞಾನಕ್ಕೂ ಹಲವು ವರ್ಷಗಳಿಂದ ಅದೇ ಶಿಕ್ಷಕರು ಇದ್ದುದರಿಂದ.

ಸೇರಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೂ ಪಾಠವಾಗದ ಪುಟವೊಂದರ ನಡುವಿನ ಸಾಲನ್ನು ಓದಿಸಿ. ತಡವರಿಸಿದರೆ ಗದರಬೇಡಿ, ದಸರಾ ರಜೆಗೆ ಮೊದಲು ಹೋಗಿ ಶಿಕ್ಷಕರನ್ನು ಕಂಡು ಮಾತನಾಡಿ.